11 ಜನಕ್ಕೆ ಕ್ಯಾಂಪರ್ ವ್ಯಾನ್ ಆಗ್ತದಾ, ಎಷ್ಟು ದೊಡ್ಡದು ಬೇಕು?

ಬದಿಯಡ್ಕದವಳು:
ನಮಸ್ಕಾರ ಎಲ್ರಿಗೂ. ಕ್ರಿಸ್ಮಸ್ ರಜೆಯಲ್ಲಿ ಮನೆಯವರೆಲ್ಲ ಒಟ್ಟಿಗೆ ಹೊರಡುದು ಅಂತ ಉಂಟು, ಮುಳ್ಳೇರಿಯ ಜಾಲ್ಸೂರು ಆಗಿ ಮಡಿಕೇರಿ, ಮೈಸೂರು, ಮತ್ತೆ ಬೇಲೂರು ಹಳೇಬೀಡು ನೋಡಿ ಶಿರಾಡಿ ಇಳಿದು ವಾಪಸ್, 5 ದಿನ. ಅಜ್ಜ ಅಜ್ಜಿ, ಅಪ್ಪ ಅಮ್ಮ, ದೊಡ್ಡಪ್ಪ ದೊಡ್ಡಮ್ಮ, ಅಣ್ಣ ಅತ್ತಿಗೆ, ಅವರ ಇಬ್ರು ಮಕ್ಕಳು, ನಾನು. ಅಜ್ಜನಿಗೆ 81, ರಾತ್ರಿ ಮೂರ್ನಾಲ್ಕು ಸಲ ಏಳ್ಬೇಕು, ದಾರಿಯಲ್ಲೂ ಆಗಾಗ ನಿಲ್ಲಿಸ್ಬೇಕು, ಅದಕ್ಕೇ ಒಳಗೇ ಮಲಗ್ಲಿಕ್ಕೆ ಜಾಗ, ಟಾಯ್ಲೆಟ್ ಎಲ್ಲ ಇರುವ ಕ್ಯಾಂಪರ್ ನೋಡಿದ್ದು. ಅವರು "ನಾನು ಮನೆಯಲ್ಲಿರ್ತೇನೆ, ನೀವು ಹೋಗಿ ಬನ್ನಿ" ಅಂತಾರೆ, ಅವರನ್ನು ಬಿಟ್ಟು ಹೋಗ್ಲಿಕ್ಕೆ ನಂಗೆ ಮನಸ್ಸಿಲ್ಲ. ಬಾಡಿಗೆಗೆ ಕೊಡುವವರೊಬ್ರು 6 ಬರ್ತ್ ಉಂಟು, ಮಕ್ಕಳನ್ನು ಸೇರಿಸಿ 8 ಜನ ಮಲಗ್ಬಹುದು, ಉಳಿದವರು ಕಾರಲ್ಲಿ ಬನ್ನಿ ಅಂತಾರೆ. ಯಾರಾದ್ರೂ ಹೋದವರು ಇದ್ರೆ ಹೇಳಿ.

ಕುಂಬಳೆ ಭಟ್ರ ಮಗ:
ಅಕ್ಕ, ದಯವಿಟ್ಟು ಬರ್ತ್ ಲೆಕ್ಕ ನಂಬಿ ಅಡ್ವಾನ್ಸ್ ಕೊಡ್ಬೇಡಿ. ನಾವು 7 ಜನ 6 ಬರ್ತಿನದ್ದರಲ್ಲಿ ಹೋಗಿದ್ದೆವು. ಅದರಲ್ಲಿ 2 ಬರ್ತ್ ಊಟದ ಮೇಜನ್ನೇ ಕೆಳಗಿಳಿಸಿ ಮೇಲೆ ಕುಶನ್ ಹಾಕಿ ಮಾಡುವಂಥದ್ದು, ಇನ್ನೆರಡು ಏಣಿ ಹತ್ತಿ ಹೋಗುವಂಥದ್ದು, ಹಿರಿಯರಿಗೆ ಆಗುವಂಥದ್ದು ಹಿಂದಿನ ಎರಡೇ. ಮೇಜು ಇಳಿಸಿದ ಮೇಲೆ ಟಾಯ್ಲೆಟಿಗೆ ದಾರಿಯೇ ಇಲ್ಲ. ಅಮ್ಮ ರಾತ್ರಿ 2 ಗಂಟೆಗೆ ಎದ್ದು ಕತ್ತಲಲ್ಲಿ ಬರ್ತಿನ ಕಂಬಿ ಹಿಡ್ಕೊಂಡು ನಿಂತಿದ್ರು, ಮಲಗಿದವರನ್ನು ಎಬ್ಬಿಸ್ಲಿಕ್ಕೆ ಮನಸ್ಸು ಬರದೆ, ಅದನ್ನು ನೆನೆಸಿದ್ರೆ ಈಗ್ಲೂ ಬೇಜಾರಾಗ್ತದೆ. ನೀರಿನ ವಿಷಯವೂ ಹಾಗೇ, 100 ಲೀಟರಿನ ಟ್ಯಾಂಕ್ ಅಂದ್ರೆ 11 ಜನಕ್ಕೆ ತಲೆಗೆ 9 ಲೀಟರ್, ಬೆಳಿಗ್ಗೆ ಮುಖ ತೊಳೆಯುವಷ್ಟರಲ್ಲಿ ಖಾಲಿ. ಆಮೇಲೆ ಟಾಯ್ಲೆಟ್ ಟ್ಯಾಂಕ್ ಎಲ್ಲಿ ಖಾಲಿ ಮಾಡುದು ಅಂತ ಹುಡುಕ್ಬೇಕು. ಮುಖ್ಯವಾಗಿ ಕೇಳ್ಬೇಕಾದ್ದು, ಓಡುವಾಗ ಬೆಲ್ಟ್ ಇರುವ ಸೀಟು ಎಷ್ಟು? ಬರ್ತಲ್ಲಿ ಮಲಗಿಸಿಕೊಂಡು ಸಂಪಾಜೆ ಘಾಟಿ ಹತ್ತುದು ಬೇಡವೇ ಬೇಡ.

ಟ್ರಾವೆಲರ್ ಅಣ್ಣ:
ಗಾಡಿ ಓಡಿಸುವವನಾಗಿ ಹೇಳ್ತೇನೆ, ಕ್ಯಾಂಪರ್ ಬದಲು ಟೆಂಪೋ ಟ್ರಾವೆಲರ್ ಮಾಡಿ, ಆದ್ರೆ 11 ಜನಕ್ಕೆ 12 ಸೀಟಿನದ್ದು ಮಾಡ್ಬೇಡಿ, ಜನ ಹಿಡೀತಾರೆ ಬೇಗು ಹಿಡಿಯುದಿಲ್ಲ, ಕೊನೆಗೆ ಅಜ್ಜಿಯ ಕಾಲಡಿಗೇ ಅಕ್ಕಿಚೀಲ ಬರ್ತದೆ. 17 ಸೀಟಿನ ಪುಶ್‌ಬ್ಯಾಕ್ ಇರುವಂಥದ್ದು ತಗೊಳ್ಳಿ, ಹಿಂದಿನ ಸಾಲಿಗೆ ಸಾಮಾನು ಕಟ್ಟಿ ಇಡಿ, ಅಜ್ಜನಿಗೆ ಬಾಗಿಲ ಹತ್ರದ ಸೀಟು. ಮೊದಲ ಮೆಟ್ಟಿಲು ಎತ್ತರ ಇರ್ತದೆ, ಮರದ ಒಂದು ಮಣೆಯೋ ಗಟ್ಟಿ ಸ್ಟೂಲೋ ಇಟ್ಕೊಳ್ಳಿ, ಕೆಳಗಿಟ್ಟು ಕೈ ಹಿಡಿದ್ರೆ ಆರಾಮ ಹತ್ತುತಾರೆ. ನಿಮ್ಮ ಮನೆಯ ಓಣಿಯನ್ನೂ ನೋಡಿ, ನಮ್ಮ ಕಡೆ ಎರಡೂ ಬದಿ ಮುರಕಲ್ಲಿನ ಗೋಡೆ, ಮೇಲೆ ಕರೆಂಟು ವಯರು, ಕ್ಯಾಂಪರಿಗೆ ಮೇಲೆ ಏಸಿ ಕೂರಿಸಿದ್ರೆ ಎತ್ತರ 3 ಮೀಟರ್ ಹತ್ರ ಬರ್ತದೆ. ಮತ್ತೆ ಹಳದಿ ಬೋರ್ಡಿನ ಗಾಡಿಯೇ ಆಗ್ಲಿ, ನಾವು ಕೇರಳದವರು, ಜಾಲ್ಸೂರು ಮುಟ್ಟುವ ಮೊದಲೇ ಕರ್ನಾಟಕ ಬರ್ತದೆ, ಪರ್ಮಿಟ್ ಟ್ಯಾಕ್ಸ್ ಸರಿ ಇರ್ಬೇಕು. ಬಿಳಿ ಬೋರ್ಡಿನದ್ದನ್ನು ಬಾಡಿಗೆಗೆ ತಂದು ಏನಾದ್ರೂ ಆದ್ರೆ ಇನ್ಶೂರೆನ್ಸ್ ಸಿಗುದು ಕಷ್ಟ.

ಪೆರ್ಲದ ಟೀಚರ್:
2021ರಲ್ಲಿ ಕೇರಳ ಸರಕಾರ ಕ್ಯಾರವಾನ್ ಟೂರಿಸಂ ತಂದಾಗಲೂ ಹೇಳಿದ್ದು ಇಬ್ಬರಿಗೆ ಒಂದು ನಮೂನೆ, ನಾಲ್ಕು ಜನರ ಕುಟುಂಬಕ್ಕೆ ಒಂದು ನಮೂನೆ ಅಂತ. ದೊಡ್ಡ ಸಂಸಾರಕ್ಕೆ ಅದು ಅಲ್ಲ. ಅಜ್ಜನದ್ದೇ ಚಿಂತೆ ಆದ್ರೆ ಮೆಡಿಕಲಲ್ಲಿ ಮುಚ್ಚಳ ಇರುವ ಯೂರಿನಲ್ ಬಾಟಲಿ ಸಿಗ್ತದೆ, ನನ್ನ ಮಾವನಿಗೆ ಅದರಿಂದ ತುಂಬಾ ಉಪಕಾರ ಆಗಿದೆ, ಕಿಟಕಿಯ ಕರ್ಟನ್ ಎಳೆದು ಒಂದು ಬೆಡ್‌ಶೀಟ್ ಅಡ್ಡ ಹಿಡಿದ್ರೆ ಅವರಿಗೂ ಸಂಕೋಚ ಆಗುದಿಲ್ಲ. ರಾತ್ರಿಗೆ ಗ್ರೌಂಡ್ ಫ್ಲೋರಲ್ಲೇ ರೂಮು, ಕಮೋಡ್ ಇರುವಂಥದ್ದು, ಫೋನ್ ಮಾಡಿ ಕೇಳಿಯೇ ಬುಕ್ ಮಾಡಿ.

ಬದಿಯಡ್ಕದವಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಭಟ್ರೇ, ನೀವು ಅಮ್ಮನ ವಿಷಯ ಬರೆದದ್ದು ಓದಿ ಕ್ಯಾಂಪರ್ ಬಿಟ್ಟೆವು. ಬೆಲ್ಟ್ ಎಷ್ಟು ಅಂತ ಕ್ಯಾಂಪರ್ ಬಾಡಿಗೆಗೆ ಕೊಡುವವರ ಹತ್ರ ಕೇಳಿದ್ದಕ್ಕೆ 5 ಅಂದ್ರು. 17 ಸೀಟಿನದ್ದೇ ಮಾಡುದು. ಅಜ್ಜನಿಗೆ ಹೇಳಿದೆ, ಏನೂ ಮಾತಾಡ್ಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಅಜ್ಜಿಯ ಹತ್ರ ಸ್ವೆಟರ್ ಎಲ್ಲುಂಟು ಅಂತ ಕೇಳ್ತಾ ಇದ್ರು. ಆದಿತ್ಯವಾರ ಗಾಡಿ ನೋಡ್ಲಿಕ್ಕೆ ಅವರನ್ನೇ ಕರ್ಕೊಂಡು ಹೋಗ್ತೇವೆ, ಹತ್ತಿಸಿ ನೋಡಿಯೇ ಅಡ್ವಾನ್ಸ್ ಕೊಡುದು.