ರಾಜಧಾನಿ, ನೆಲೆವೀಡು, ಬೀಡು: ಯಾವುದನ್ನು ಎಲ್ಲಿ ಬಳಸೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಗ್ರಂಥಾಲಯದ ಗೋಡೆಗೆ ಹಾಕಲು ಒಂದು ದೊಡ್ಡ ಪಟ್ಟಿ ಮಾಡುತ್ತಿದ್ದೇವೆ. ಕರ್ನಾಟಕವನ್ನು ಆಳಿದ ಮನೆತನಗಳ ರಾಜಧಾನಿ ಊರಿಂದ ಊರಿಗೆ ಹೇಗೆ ಹೋಯಿತು, ಕೊನೆಗೆ ಬೆಂಗಳೂರಿಗೆ ಹೇಗೆ ಬಂತು ಅನ್ನುವುದು ವಿಷಯ. ಕೆಳಗೆ ದೇಶದ ಮತ್ತು ಹೊರದೇಶದ ಕೆಲವು ಉದಾಹರಣೆ ಕೊಡುವ ಯೋಚನೆಯೂ ಇದೆ. ಊರು, ಇಸವಿ ಹುಡುಕುವುದು ಅಷ್ಟೇನೂ ಕಷ್ಟ ಆಗಲಿಲ್ಲ. ಕಷ್ಟ ಬಂದದ್ದು ಪಟ್ಟಿಯ ತಲೆಬರಹದಲ್ಲಿ. ಎಲ್ಲ ಊರುಗಳ ಮೇಲೂ 'ರಾಜಧಾನಿ' ಅಂತ ಒಂದೇ ಪದ ಬರೆದರೆ ಓದುವ ಮಕ್ಕಳಿಗೆ ತಪ್ಪು ಚಿತ್ರ ಹೋಗುತ್ತದೆ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಓದಿ.

ಮೊದಲು ಒಂದು ಮಾತು. ರಾಜರೇ ಇಲ್ಲದ ಕಾಲದಲ್ಲಿ 'ರಾಜಧಾನಿ' ಯಾಕೆ ಅನ್ನುವ ತಕರಾರು ನನ್ನದಲ್ಲ. ಮಲಯಾಳದವರು 'ತಲಸ್ಥಾನ' ಅನ್ನುತ್ತಾರೆ, ತಮಿಳರು 'ತಲೈನಗರಂ' ಅನ್ನುತ್ತಾರೆ. ಎರಡರಲ್ಲೂ ರಾಜ ಇಲ್ಲ, ತಲೆ ಇದೆ. ಹಾಗಂತ ನಾವು 'ತಲೆನಗರ' ಅಂತ ಹೊಸದಾಗಿ ಹೊಸೆಯಬೇಕಾಗಿಲ್ಲ. ರಾಜಧಾನಿ ಅಂದರೆ ಏನು ಅಂತ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಗೊತ್ತು. ಅಷ್ಟು ಚೆನ್ನಾಗಿ ನಿಂತ ಪದವನ್ನು ಸುಮ್ನೆ ಕೀಳುವುದು ಬೇಡ. ನನ್ನ ತೊಂದರೆ ಬೇರೆ. ಈ ಒಂದು ಪದ ಈಗ ಎರಡು ಮೂರು ಬೇರೆ ಬೇರೆ ಕೆಲಸ ಮಾಡುತ್ತಿದೆ. ಹಳೆಯ ಕನ್ನಡದಲ್ಲಿ ಆ ಕೆಲಸಗಳಿಗೆ ಬೇರೆ ಬೇರೆ ಪದ ಇದ್ದವು.

ಶಾಸನ ಓದುವ ಅಭ್ಯಾಸ ಇರುವವರಿಗೆ ಈ ಸಾಲು ಗೊತ್ತೇ ಇರುತ್ತದೆ: ಅರಸನು ಇಂಥ ಊರಿನ 'ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ', ಅಂದರೆ ಆ ನೆಲೆವೀಡಿನಲ್ಲಿ ಸುಖವಾಗಿ ರಾಜ್ಯ ಆಳುತ್ತಿರಲು. ಚಾಲುಕ್ಯರ ಕಾಲದಲ್ಲಿ ಕಲ್ಯಾಣದ ನೆಲೆವೀಡು, ಹೊಯ್ಸಳರ ಕಾಲದಲ್ಲಿ ದೋರಸಮುದ್ರದ ನೆಲೆವೀಡು. ಹಾಗಾದರೆ ನೆಲೆವೀಡು ಅಂದರೆ ರಾಜಧಾನಿ ಅಂತ ಅರ್ಥ ಬರೆದು ಮುಂದೆ ಹೋಗಬಹುದು ಅನ್ನಿಸುತ್ತದೆ. ಆದರೆ ವಿಷ್ಣುವರ್ಧನ ಬಂಕಾಪುರದ ನೆಲೆವೀಡಿನಲ್ಲಿದ್ದ ಅಂತಲೂ ಶಾಸನ ಹೇಳುತ್ತದೆ. ಇಮ್ಮಡಿ ಬಲ್ಲಾಳ ಸೇವುಣರನ್ನು (ದೇವಗಿರಿಯ ಯಾದವರನ್ನು) ಸೋಲಿಸಿದ ಮೇಲೆ ಲೊಕ್ಕಿಗುಂಡಿಯಲ್ಲಿ, ಅಂದರೆ ಈಗಿನ ಲಕ್ಕುಂಡಿಯಲ್ಲಿ, ನೆಲೆವೀಡು ಮಾಡಿಕೊಂಡಿದ್ದ. ಅವನ ಮೊಮ್ಮಗ ವೀರ ಸೋಮೇಶ್ವರ ಶ್ರೀರಂಗದ ಹತ್ತಿರ ಕಣ್ಣನೂರಿನಲ್ಲಿ ನೆಲೆ ನಿಂತ. ಹಾಗಂತ ದೋರಸಮುದ್ರ ಕೈಬಿಟ್ಟುಹೋಗಿತ್ತಾ? ಇಲ್ಲ. ಅರಸ, ಅವನ ದಂಡು, ಅವನ ಪರಿವಾರ ಆ ಹೊತ್ತಿಗೆ ಎಲ್ಲಿ ನಿಂತಿದೆಯೋ ಅದು ನೆಲೆವೀಡು. ಅರಸ ಇನ್ನೂ ದಾರಿಯಲ್ಲಿದ್ದು ನಡುವೆ ತಂಗಿದರೆ ಅದಕ್ಕೆ 'ಅಪ್ಪಯಣವೀಡು' ಅನ್ನುವ ಇನ್ನೊಂದು ಪದವೇ ಇತ್ತು. ಪಯಣದ ಬೀಡು ಬೇರೆ, ನೆಲೆ ನಿಂತ ಬೀಡು ಬೇರೆ. ಎಷ್ಟು ಚೊಕ್ಕವಾಗಿ ಬೇರೆ ಮಾಡಿದ್ದಾರೆ ನೋಡಿ.

ಇನ್ನು ಅದೇ ಕಾಲದ ಶಾಸನಗಳಲ್ಲಿ 'ರಾಜಧಾನಿ' ಪದ ಎಲ್ಲಿ ಬರುತ್ತದೆ? ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನೇ ತೆಗೆದುಕೊಳ್ಳಿ. ಯಾವ ಚಕ್ರವರ್ತಿಯೂ ಅಲ್ಲಿ ಕಾಯಂ ಆಗಿ ಕೂತು ಆಳಲಿಲ್ಲ. ಆದರೂ ಅದು 'ಬನವಸೆ ಹನ್ನೆರಡು ಸಾವಿರ' ಅನ್ನುವ ನಾಡಿನ ರಾಜಧಾನಿ. 'ಅನಾದಿ ರಾಜಧಾನಿ' ಅಂತ ಹೆಮ್ಮೆಯಿಂದ ಕರೆದಿದ್ದಾರೆ. ಚಾಲುಕ್ಯರು ಹೋಗಿ ಕಳಚುರಿಗಳು ಬಂದರು, ಹೊಯ್ಸಳರು, ಸೇವುಣರು ಬಂದರು. ಮೇಲಿನ ಅರಸ ಬದಲಾದರೂ ನಾಡಿನ ಮುಖ್ಯ ಪಟ್ಟಣ ಅನ್ನುವ ಸ್ಥಾನ ಆ ಊರಿಗೇ ಉಳಿಯಿತು. ಅಂದರೆ ರಾಜಧಾನಿ ಅನ್ನುವುದು ಊರಿಗೆ ಅಂಟಿದ ಬಿರುದು, ನೆಲೆವೀಡು ಅನ್ನುವುದು ಅರಸನ ಜೊತೆ ನಡೆಯುವ ಜಾಗ. ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಶಾಸನ ಬಲ್ಲವರು ಒಪ್ಪುತ್ತೀರಾ?

ಪದ ಹೇಗೆ ಆಯಿತು ಅನ್ನುವುದು ಇಲ್ಲಿ ಬಹಳ ಮಂದಿಗೆ ಗೊತ್ತಿರುವುದೇ. ನೆಲೆ ಮತ್ತು ಬೀಡು ಸೇರಿ, ಬಕಾರ ವಕಾರವಾಗಿ ನೆಲೆವೀಡು. ಬೀಡು ಬಂದದ್ದು 'ಬಿಡು'ವಿನಿಂದ. ಎತ್ತು, ಕುದುರೆ ಬಿಚ್ಚಿ ಬಿಟ್ಟು ಇಳಿದುಕೊಳ್ಳುವ ಜಾಗ. ಆಮೇಲೆ ಆ ಪದದ ಅಂತಸ್ತು ಏರಿತು. ತುಳುನಾಡಿನ ಕಡೆ ಹಳೆಯ ಅರಸು ಮನೆತನದವರ, ಬಲ್ಲಾಳರ ದೊಡ್ಡ ಮನೆಗೆ ಈಗಲೂ ಬೀಡು ಅನ್ನುತ್ತಾರೆ. ಧರ್ಮಸ್ಥಳದ ಹೆಗ್ಗಡೆಯವರ ಮನೆಯೂ ಬೀಡೇ. ದಂಡು ಇಳಿಯುವ ಬಯಲು ಆಳುವವರ ಮನೆಯಾಯಿತು, ಮನೆ ಇದ್ದ ಊರೂ ಅದೇ ಹೆಸರು ಪಡೆಯಿತು. 'ಕಟಕ' ಅನ್ನುವ ಪದದ ದಾರಿಯೂ ಇದೇ. ನಮ್ಮ ಹಳೆಯ ಕಾವ್ಯಗಳಲ್ಲಿ ಕಟಕ ಅಂದರೆ ದಂಡು, ದಂಡಿನ ಬೀಡು, ರಾಜಧಾನಿ. ಒಡಿಶಾದಲ್ಲಿ ಅದು ಊರಿನ ಹೆಸರಾಗಿಯೇ ನಿಂತಿತು. ರಾಜಧಾನಿ ಭುವನೇಶ್ವರಕ್ಕೆ ಹೋದ ಮೇಲೂ ಕಟಕ್ ಕಟಕವಾಗಿಯೇ ಇದೆ.

ಈಗ ಹಳೇಬೀಡಿಗೆ ಬರೋಣ. 1311ರಲ್ಲಿ ಮಲಿಕ್ ಕಾಫರನ ದಾಳಿ, ಆಮೇಲೆ ತುಘಲಕ್ ದಂಡಿನ ದಾಳಿ. ಮುಮ್ಮಡಿ ಬಲ್ಲಾಳ ತಿರುವಣ್ಣಾಮಲೆಯ ಕಡೆ ಹೋಗಿ ನಿಂತ. ಹಿಂದೆ ಉಳಿದದ್ದು ಪಾಳುಬಿದ್ದ ದೋರಸಮುದ್ರ. ಜನ ಅದನ್ನು ಹಳೇ ಬೀಡು ಅಂದರು, ಆ ಹೆಸರೇ ನಿಂತಿತು. ನನಗೆ ಈ ಹೆಸರು ಬಹಳ ಇಷ್ಟ. 'ಮಾಜಿ ರಾಜಧಾನಿ', 'ಹಿಂದಿನ ರಾಜಧಾನಿ' ಅಂತ ನಾವು ಒದ್ದಾಡಿಕೊಂಡು ಬರೆಯುವುದನ್ನು ಊರಿನ ಜನ ನಾಲ್ಕು ಅಕ್ಷರದಲ್ಲಿ ಹೇಳಿ ಮುಗಿಸಿದ್ದಾರೆ.

ಮಲೆನಾಡಿನಲ್ಲೂ ಇಂಥದ್ದೇ ಒಂದು ಇದೆ. ಕೆಳದಿ ಅರಸರು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಹೋದರು. 1763ರಲ್ಲಿ ಹೈದರಾಲಿ ಬಿದನೂರು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಕಾಲ ಹೋದ ಹಾಗೆ ಹೈದರ್ ಉದುರಿ ಬರೀ 'ನಗರ' ಉಳಿಯಿತು. ಮುಂದೆ ತಾಲ್ಲೂಕಿನ ಕಚೇರಿ ಕಲ್ಲೂರುಕಟ್ಟೆಗೆ ಹೋಗಿ ಆ ಊರು 'ಹೊಸನಗರ' ಆಯಿತು. ಇವತ್ತು ಆ ಕಡೆ ಹೋಗಿ ನಗರ ಅಂದರೆ ಕೋಟೆ ಇರುವ ಒಂದು ಚಿಕ್ಕ ಊರು. ಶ್ರೀರಂಗಪಟ್ಟಣವನ್ನು ಸುತ್ತಲಿನ ಹಳ್ಳಿಯವರು 'ಪಟ್ಣ' ಅನ್ನುವುದೂ ಹೀಗೇ. ಟಿಪ್ಪುವಿನ ನಾಣ್ಯಗಳಲ್ಲೂ ಟಂಕಸಾಲೆಯ ಊರು 'ಪಟನ್' ಅಂತಲೇ ಇದೆ. ಆಳುವ ಊರಿಗೆ ಬೇರೆ ಗುರುತು ಬೇಡವಾಗಿತ್ತು. ಪಟ್ಟಣ ಅಂದರೆ ಅದೊಂದೇ, ನಗರ ಅಂದರೆ ಅದೊಂದೇ.

ನನ್ನ ಪಟ್ಟಿಯಲ್ಲಿ ನಿಜವಾಗಿ ಬರೆಯಲಾಗದೆ ನಿಂತದ್ದು ಮೈಸೂರಿನ ಸಾಲು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದು ಅಲ್ಲಿಗೆ ಹೋದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಿದರು. ಇಲ್ಲಿಯವರೆಗೆ ಸಲೀಸು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡು ಕಮಿಷನರ್ ಕೈಗೆ ಕೊಟ್ಟರು. ಕಚೇರಿಗಳು ಬೆಂಗಳೂರಿಗೆ ಬಂದವು. ಅರಸರು ಮೈಸೂರಿನ ಅರಮನೆಯಲ್ಲೇ ಉಳಿದರು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಕಚೇರಿಗಳು ಮಾತ್ರ ಹಿಂದೆ ಹೋಗಲಿಲ್ಲ. ದಿವಾನರು, ಹದಿನೆಂಟು ಇಲಾಖೆಗಳ ಅಠಾರಾ ಕಚೇರಿ, ಎಲ್ಲ ಬೆಂಗಳೂರಿನಲ್ಲಿ. ಅದೇ ವರ್ಷ ಶುರುವಾದ ಪ್ರಜಾಪ್ರತಿನಿಧಿ ಸಭೆ ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿತ್ತು. 1907ರಲ್ಲಿ ಬಂದ ನ್ಯಾಯವಿಧಾಯಕ ಸಭೆ ಬೆಂಗಳೂರಿನದು.

ಹೇಳಿ, ಈ ಕಾಲದ ಮೈಸೂರು ಸಂಸ್ಥಾನದ ರಾಜಧಾನಿ ಯಾವುದು? ಒಂದು ಪುಸ್ತಕ ಮೈಸೂರು ಅನ್ನುತ್ತದೆ, ಇನ್ನೊಂದು ಬೆಂಗಳೂರು ಅನ್ನುತ್ತದೆ. ಎರಡೂ ಸುಳ್ಳಲ್ಲ. ಸಂಸ್ಕೃತದ 'ಧಾನಿ' ಅಂದರೆ ಒಳಗೆ ಇರಿಸಿಕೊಳ್ಳುವ ಜಾಗ. ರಾಜನನ್ನು ಇರಿಸಿಕೊಂಡ ಊರು ರಾಜಧಾನಿ ಅನ್ನುವುದಾದರೆ ಅದು ಮೈಸೂರೇ. ಕಾಗದಪತ್ರ, ಹಣಕಾಸು, ಹುಕುಂ ಎಲ್ಲಿಂದ ಹೊರಡುತ್ತಿತ್ತು ಅಂತ ಕೇಳಿದರೆ ಬೆಂಗಳೂರು. ಈ ಎರಡನೆಯದಕ್ಕೆ ನಮ್ಮ ಬಳಿ ಗಟ್ಟಿಯಾದ ಒಂದು ಪದ ಇಲ್ಲ. 'ಆಡಳಿತ ಕೇಂದ್ರ' ಅಂದರೆ ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರದ ಸಾಲಿಗೆ ಇಳಿದುಬಿಡುತ್ತದೆ. 'ಆಡಳಿತ ರಾಜಧಾನಿ' ಅಂತ ಪತ್ರಿಕೆಗಳು ಬರೆಯುತ್ತವೆ. ಅರ್ಥವಾಗುತ್ತದೆ, ಆದರೆ ಕಿವಿಗೆ ಒಗ್ಗುವುದಿಲ್ಲ.

ಇದು ಹಳೆಯ ಕಥೆ, ಈಗ ಯಾಕೆ ಅನ್ನಬಹುದು. ಈಗಲೇ ಜಾಸ್ತಿ ಬೇಕು. ನೆದರ್ಲೆಂಡ್ಸ್‌ನ ಸಂವಿಧಾನ ಆಮ್‌ಸ್ಟರ್‌ಡ್ಯಾಮ್ ಅನ್ನು ರಾಜಧಾನಿ ಅನ್ನುತ್ತದೆ. ಸರ್ಕಾರ, ಸಂಸತ್ತು ಇರುವುದು ಹೇಗ್‌ನಲ್ಲಿ. ಬೊಲಿವಿಯಾದಲ್ಲಿ ಹೆಸರಿಗೆ ಸುಕ್ರೆ, ಸರ್ಕಾರ ನಡೆಯುವುದು ಲಾ ಪಾಝ್‌ನಲ್ಲಿ. ಮಲೇಷ್ಯಾದ ಕಚೇರಿಗಳು 1999ರಿಂದ ಪುತ್ರಜಯಕ್ಕೆ ಹೋದವು, ರಾಜಧಾನಿಯಾಗಿ ಕ್ವಾಲಾಲಂಪುರವೇ ಉಳಿಯಿತು. ದೂರ ಯಾಕೆ, ಪಕ್ಕದ ಆಂಧ್ರವನ್ನೇ ನೋಡಿ. 1953ರಲ್ಲಿ ಹೊಸ ರಾಜ್ಯ ಆದಾಗ ರಾಜಧಾನಿ ಕರ್ನೂಲು, ಹೈಕೋರ್ಟ್ ಗುಂಟೂರಿಗೆ. 1956ರಲ್ಲಿ ಹೈದರಾಬಾದ್. 2014ರಲ್ಲಿ ರಾಜ್ಯ ಒಡೆದಾಗ ಹತ್ತು ವರ್ಷಕ್ಕೆ 'ಜಂಟಿ ರಾಜಧಾನಿ'. ನಡುವೆ ಅಮರಾವತಿ. 2020ರಲ್ಲಿ ವಿಶಾಖಪಟ್ಟಣ, ಅಮರಾವತಿ, ಕರ್ನೂಲು ಮೂರೂ ರಾಜಧಾನಿ ಅನ್ನುವ ಕಾನೂನು, ಮರುವರ್ಷವೇ ಅದು ವಾಪಸ್. ಆ ದಿನಗಳ ಕನ್ನಡ ಸುದ್ದಿಯಲ್ಲಿ ಕಾರ್ಯಾಂಗ ರಾಜಧಾನಿ, ಶಾಸಕಾಂಗ ರಾಜಧಾನಿ, ನ್ಯಾಯಾಂಗ ರಾಜಧಾನಿ ಅಂತ ಒಂದರ ಹಿಂದೆ ಒಂದು ಬಂದು, ಓದುವವರಿಗೆ ಯಾವ ಊರಲ್ಲಿ ಏನು ಅನ್ನುವುದೇ ಕಲಸಿಹೋಗುತ್ತಿತ್ತು.

ನಮ್ಮ ಬೆಳಗಾವಿಯದ್ದೂ ಒಂದು ಪ್ರಶ್ನೆ. 2006ರಲ್ಲಿ ಮೊದಲ ಬಾರಿ ಅಲ್ಲಿ ಅಧಿವೇಶನ ನಡೆಯಿತು, 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಅಂದಿನಿಂದ 'ಎರಡನೇ ರಾಜಧಾನಿ' ಅನ್ನುವ ಮಾತು ಓಡಾಡುತ್ತಿದೆ. ಮರಾಠಿಯಲ್ಲಿ ನಾಗಪುರಕ್ಕೆ 'ಉಪರಾಜಧಾನಿ' ಅನ್ನುತ್ತಾರೆ. ಕನ್ನಡದಲ್ಲಿ 'ಉಪ' ಅಂದ ಕೂಡಲೇ ಕೈಕೆಳಗಿನದು ಅನ್ನುವ ಭಾವ ಬರುತ್ತದೆ, ಉಪಮುಖ್ಯಮಂತ್ರಿ, ಉಪಾಧ್ಯಕ್ಷ ಇದ್ದ ಹಾಗೆ. ಉತ್ತರ ಕರ್ನಾಟಕದ ಗೆಳೆಯರಿಗೆ ಅದು ಹಿಡಿಸುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾಗಿ ನನ್ನ ಸಲಹೆ ಇದು. ಕಾನೂನಿನಿಂದಲೋ ರೂಢಿಯಿಂದಲೋ ಆ ಬಿರುದು ಪಡೆದ ಊರಿಗೆ 'ರಾಜಧಾನಿ' ಇರಲಿ. ಆಳುವವರು ನಿಜವಾಗಿ ಕೂತು ಕೆಲಸ ಮಾಡುವ ಊರಿಗೆ ಹಳೆಯ ಕಾಲದ ಮಾತಿನಲ್ಲಿ 'ನೆಲೆವೀಡು', ಈಗಿನ ಕಾಲದ ಮಾತಿನಲ್ಲಿ 'ಆಳ್ವಿಕೆಯ ನೆಲೆ' ಅಥವಾ 'ಸರ್ಕಾರದ ನೆಲೆ' ಅನ್ನೋಣ. 'ರಾಜಧಾನಿ ಆಮ್‌ಸ್ಟರ್‌ಡ್ಯಾಮ್, ಸರ್ಕಾರದ ನೆಲೆ ಹೇಗ್' ಅಂತ ಬರೆದರೆ ಏಳನೇ ತರಗತಿಯ ಹುಡುಗಿಗೂ ತಿಳಿಯುತ್ತದೆ. '1881ರ ನಂತರ ರಾಜಧಾನಿ ಮೈಸೂರು, ಸರ್ಕಾರದ ನೆಲೆ ಬೆಂಗಳೂರು' ಅನ್ನುವುದೂ ಹಾಗೇ. ನೆಲೆವೀಡು ಪದವನ್ನೇ ಇವತ್ತಿಗೂ ತರಬಹುದಲ್ವಾ ಅಂತ ಆಸೆಯಿದೆ. ಆದರೆ ಪಟ್ಟಿ ಓದುವ ಎಲ್ಲರಿಗೂ ಅದು ಗೊತ್ತಿರುವುದಿಲ್ಲ ಅನ್ನುವುದೂ ನಿಜ.

ಕ್ರಿಯಾಪದದಲ್ಲೂ ಒಂದು ತೊಡಕಿದೆ. 'ಬೀಡು ಬಿಟ್ಟ' ಅಂದರೆ ಬಂದು ಇಳಿದುಕೊಂಡ. 'ಬೀಡನ್ನು ಬಿಟ್ಟ' ಅಂದರೆ ಖಾಲಿ ಮಾಡಿ ಹೋದ. ಒಂದು ವಿಭಕ್ತಿ ಪ್ರತ್ಯಯಕ್ಕೆ ಅರ್ಥ ತಿರುಗಿ ಬೀಳುತ್ತದೆ. ಗೋಡೆಯ ಪಟ್ಟಿಯಲ್ಲಿ ಇದು ಅಪಾಯ. 'ರಾಜಧಾನಿ ಸ್ಥಳಾಂತರ' ಸರಿಯಾದ ಪದವೇ, ಆದರೆ ಎಲ್ಲ ಸಾಲಿಗೂ ಹೊಂದುವುದಿಲ್ಲ. ಬಹಮನಿ ಅಹಮದ್ ಶಾ 1420ರ ದಶಕದಲ್ಲಿ ಕಲಬುರಗಿಯಿಂದ ಬೀದರಿಗೆ ಹೋದದ್ದು ತಾನೇ ಮನಸ್ಸು ಮಾಡಿ, ಅದು ಸ್ಥಳಾಂತರ. 1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಕಲ್ಕತ್ತಾದಿಂದ ದೆಹಲಿಗೆ ಅಂತ ಸಾರಿದ್ದೂ ಸ್ಥಳಾಂತರ. 1565ರಲ್ಲಿ ವಿಜಯನಗರ ಹಾಳಾಗಿ ತಿರುಮಲರಾಯ ಪೆನುಕೊಂಡೆಗೆ ಹೋದದ್ದಕ್ಕೂ ಅದೇ ಪದವೇ? ಅಲ್ಲಿಂದ ಮುಂದೆ ಚಂದ್ರಗಿರಿ, ವೆಲ್ಲೂರು. ಅದು ಉಳಿವಿಗಾಗಿ ಊರೂರು ಅಲೆದದ್ದು. ಸ್ಥಳಾಂತರ ಅಂದರೆ ಏನೋ ಕಚೇರಿ ಬದಲಾಯಿಸಿದ ಹಾಗೆ ಕೇಳುತ್ತದೆ. ಸೋತು ಬಿಟ್ಟುಹೋದದ್ದನ್ನು 'ರಾಜಧಾನಿ ಕಳೆದುಕೊಂಡರು' ಅಂತ ನೇರವಾಗಿ ಬರೆಯುವುದೇ ಮೇಲು ಅನ್ನುವುದು ನನ್ನ ನಿಲುವು.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ನೆಲೆವೀಡು ಮತ್ತು ರಾಜಧಾನಿ ಎರಡೂ ಒಂದೇ ಶಾಸನದಲ್ಲಿ, ಎರಡು ಬೇರೆ ಊರುಗಳಿಗೆ ಬಂದಿರುವ ಉದಾಹರಣೆ ಯಾರಿಗಾದರೂ ಕಂಡಿದೆಯೇ? ಕಂಡಿದ್ದರೆ ಆ ಸಾಲನ್ನೇ ಬರೆದು ಕಳಿಸಿ. ತುಳುನಾಡಿನವರು ಬೀಡು, ಅರಮನೆ, ಗುತ್ತು ಈ ಮೂರನ್ನು ಮಾತಿನಲ್ಲಿ ಹೇಗೆ ಬೇರೆ ಮಾಡುತ್ತೀರಿ ಅಂತಲೂ ಹೇಳಿ. ಕೊಡಗಿನ ಹಿರಿಯರಿದ್ದರೆ ಇನ್ನೊಂದು ಪ್ರಶ್ನೆ: 1956ರ ವರೆಗೆ ಕೊಡಗು ಬೇರೆ ರಾಜ್ಯ, ಅದರ ವಿಧಾನಸಭೆಯೂ ಬೇರೆ. ಆಗ ಮಡಿಕೇರಿಯನ್ನು ಮನೆಮಾತಿನಲ್ಲಿ ರಾಜಧಾನಿ ಅನ್ನುತ್ತಿದ್ದರೇ, ಬೇರೆ ಪದ ಇತ್ತೇ? ಬೆಳಗಾವಿ, ಧಾರವಾಡದ ಕಡೆಯವರು 'ಎರಡನೇ ರಾಜಧಾನಿ'ಗಿಂತ ಒಳ್ಳೆಯ ಪದ ಬಳಸುತ್ತಿದ್ದರೆ ಖಂಡಿತ ತಿಳಿಸಿ. ಪಟ್ಟಿ ಮುದ್ರಣಕ್ಕೆ ಹೋಗುವ ಮೊದಲು ನಿಮ್ಮ ಉತ್ತರ ನೋಡಿ ತಲೆಬರಹ ಬರೆಯುತ್ತೇನೆ.