ಔಲಂಕಾ ನದಿಗೆ ಹೋಗಿ ಬಂದವರು ಅನುಭವ ಹೇಳಿ

ಮಣಿಪಾಲದ ಅಪ್ಪ: ಮಗಳು ಫಿನ್ಲೆಂಡಿನ ಔಲುವಿನಲ್ಲಿ ಓದುತ್ತಿದ್ದಾಳೆ. ಜೂನ್ ಮೊದಲ ವಾರ ನಾವಿಬ್ಬರೂ ಹೋಗುತ್ತಿದ್ದೇವೆ. ಕೂಸಮೊ ಕಡೆಯ ಔಲಂಕಾ ನದಿಯನ್ನು ನೋಡಲೇಬೇಕು ಎಂದು ಅವಳ ಹಟ. ನನಗೆ ಮೊಣಕಾಲು ನೋವು. ದೋಣಿ ಬಾಡಿಗೆಗೆ ಹಿಡಿಯುವುದೋ, ಕಾಡುದಾರಿಯಲ್ಲಿ ನಡೆಯುವುದೋ?

ಕಟಪಾಡಿಯವಳು: ದೋಣಿಯ ಹೆಸರೆತ್ತಬೇಡಿ. ನಾವು ಹೋದದ್ದು ಮೇ ಕೊನೆಗೆ. ಇಲ್ಲಿ ಸ್ವರ್ಣಾ ನದಿ ಸೊರಗಿ, ಬಜೆ ಅಣೆಕಟ್ಟಿನಲ್ಲಿ ಉಡುಪಿಗೆ ಇನ್ನೆಷ್ಟು ದಿನದ ನೀರಿದೆ ಎಂದು ಪತ್ರಿಕೆ ನೋಡುವ ಕಾಲ. ಅಲ್ಲಿ ಚಳಿಗಾಲದ ಹಿಮವೆಲ್ಲ ಒಟ್ಟಿಗೆ ಕರಗಿ ನದಿ ದಡ ಮೀರಿತ್ತು. ದೋಣಿಯವನು ದೋಣಿಯನ್ನೂ ಕೊಡಲಿಲ್ಲ, ಮುಂಗಡದ 60 ಯೂರೋವನ್ನೂ ಕೊಡಲಿಲ್ಲ. ನೆರೆಗೆ ತಾನು ಹೊಣೆಯಲ್ಲವಂತೆ. ಖರ್ಚು ಕೇಳಿ: ವೀಸಾಕ್ಕೆ ತಲೆಗೆ 90 ಯೂರೋ, ಅದರ ಮೇಲೆ ಸೇವಾ ಶುಲ್ಕ, ಬೆರಳಚ್ಚು ಕೊಡಲು ಬೆಂಗಳೂರಿಗೆ ರಾತ್ರಿ ಬಸ್ಸು, 30,000 ಯೂರೋವರೆಗೆ ಪರಿಹಾರ ಕೊಡುವ ವಿಮೆಯ ಕಂತು, ಬಾಡಿಗೆ ಹಾಸಿಗೆಗೆ ಹೊದಿಕೆಯ ಲೆಕ್ಕ ಬೇರೆ. ಕೂಸಮೊದ ಟ್ಯಾಕ್ಸಿ ಚೀಟಿಯನ್ನು ಈಗಲೂ ಕಪಾಟಿನಲ್ಲಿ ಇಟ್ಟಿದ್ದೇನೆ. ನನ್ನ ಭಾವ ಯುರೋಪ್ ಅಗ್ಗ ಎಂದು ಬಾಯಿ ತೆರೆದಾಗಲೆಲ್ಲ ತೆಗೆದು ತೋರಿಸುತ್ತೇನೆ.

ಬಜಪೆ ಪಾದಯಾತ್ರಿ: ಅಕ್ಕ, ಹಿಮ ಕರಗುವಾಗ ಹೋಗಿ ನದಿಯನ್ನು ಬೈದರೆ ಹೇಗೆ? ಹೋಗಬೇಕಾದದ್ದು ಸೆಪ್ಟೆಂಬರಿನಲ್ಲಿ. ಸೊಳ್ಳೆ ಇರುವುದಿಲ್ಲ, ಬರ್ಚ್ ಮರಗಳೆಲ್ಲ ಹಳದಿ. ನಾನು ಕರ್ಹುನ್ಕಿಯೆರೋಸ್ ಹಾದಿಯ 82 ಕಿಲೋಮೀಟರನ್ನೂ, ಹೌಟಾಯಾರ್ವಿಯಿಂದ ರುಕಾದವರೆಗೆ, ಹೊರೆ ಹೊತ್ತೇ ನಡೆದವನು. ಇಲ್ಲಿ 7,500 ರೂಪಾಯಿ ಕೊಟ್ಟು ತೆಗೆದ ಬೂಟಿನ ಬಲಗಾಲಿನ ಅಡಿ ಅರ್ಧ ದಾರಿಯಲ್ಲೇ ಬಾಯಿ ಬಿಟ್ಟಿತು. ಟೆಂಟಿನ ಹಗ್ಗ ಕತ್ತರಿಸಿ ಅಡ್ಡಡ್ಡ ಸುತ್ತಿ, ಪಾದದ ಮೇಲೆ ಗಂಟು ಹಾಕಿಕೊಂಡೆ. ಬೇರುಗಳ ಮೇಲೆ ಕಾಲಿಟ್ಟಾಗಲೆಲ್ಲ ಗಂಟು ಜಾರುತ್ತಿತ್ತು. ಕೊನೆಗೆ ರುಕಾದಲ್ಲಿ 140 ಯೂರೋ ಕೊಟ್ಟು ಹೊಸ ಜೋಡಿ, ಅದೂ ನಡಿಗೆ ಮುಗಿದ ಮೇಲೆ! ದಾರಿಯ ಕಾಡುಗುಡಿಸಲುಗಳಲ್ಲಿ ಬಾಡಿಗೆ ಇಲ್ಲ, ಸೌದೆಯೂ ಇಟ್ಟಿರುತ್ತಾರೆ. ಆದರೆ ತಡವಾಗಿ ಬಂದವನಿಗೆ ಮೊದಲು ಬಂದವನು ಜಾಗ ಬಿಡಬೇಕು. ನಿದ್ದೆ ಹತ್ತುವ ಹೊತ್ತಿಗೆ ಒದ್ದೆ ಕಾಲುಚೀಲದ ತಂಡವೊಂದು ಬಂದು ಒಲೆಯ ಮೇಲೆಲ್ಲ ತೂಗುಹಾಕಿತು. ಆ ವಾಸನೆ ಇರಲಿ, ಬೋತ್ನಿಯಾ ಕೊಲ್ಲಿಗೆ ಹರಿಯುವ ಆ ನದಿಯ ಸೊಬಗನ್ನು ಕಾಣಲು ನಡೆಯಲೇಬೇಕು. ದೋಣಿ ಸೋಮಾರಿಗಳಿಗೆ.

ಕುಂದಾಪುರದ ಮಾಸ್ತರು: ಬೋತ್ನಿಯಾಕ್ಕಲ್ಲ ಮಾರಾಯರೇ, ಅದಿರುವುದು ಪಶ್ಚಿಮಕ್ಕೆ! ನದಿ ಸಲ್ಲಾದ ಜೌಗಿನಲ್ಲಿ ಹುಟ್ಟಿ ಪೂರ್ವಕ್ಕೆ ತಿರುಗುತ್ತದೆ. ಗಡಿಯ ಹತ್ತಿರ ಕಿಟ್ಕಾ ನದಿಯನ್ನು ಕೂಡಿಕೊಂಡು ರಷ್ಯಾದ ಪಾನಾಯಾರ್ವಿ ಸರೋವರಕ್ಕೆ ಇಳಿಯುತ್ತದೆ, ಕಡೆಗೆ ಬಿಳಿ ಸಮುದ್ರ ಸೇರುತ್ತದೆ. 82 ಕಿಲೋಮೀಟರ್ ನಡೆದವರು ನೀರು ಯಾವ ದಿಕ್ಕಿಗೆ ಹೋಗುತ್ತದೆ ಎಂದು ನೋಡಲಿಲ್ಲವೇ? ಕಿಟ್ಕಾ ನದಿ ಸರೋವರದಿಂದ ಬರುವುದರಿಂದ ಅದರ ನೀರು ತಿಳಿ. ಔಲಂಕಾ ಹಾಲು ಹಾಕದ ಚಹಾ. ಜೂನಿನಲ್ಲಿ ನಮ್ಮ ನದಿಗಳ ಕೆಂಪು ಬಣ್ಣ ಮಣ್ಣಿನದು, ಈ ಕಂದು ಜೌಗಿನ ಕೊಳೆತ ಎಲೆ, ಪಾಚಿಯದು. ಇನ್ನು ಕಿಯುಟಾಕೊಂಗಾಸ್: 600 ಮೀಟರ್ ಉದ್ದಕ್ಕೆ 14 ಮೀಟರ್ ಧುಮುಕುವ ನೀರು, ಪಕ್ಕದಲ್ಲಿ ಸುಣ್ಣದ ಅಂಶವಿರುವ ಡಾಲೊಮೈಟ್ ಕಲ್ಲಿನ ಕೆಂಪು ಗೋಡೆ. ಈ ಸುಣ್ಣದ ಅಂಶದಿಂದಲೇ ಅಲ್ಲಿ ಕ್ಯಾಲಿಪ್ಸೊ ಎಂಬ ನೇರಳೆ ಸೀತಾಳೆ ಹೂ ಅರಳುತ್ತದೆ. ದೋಣಿಯವರು ಅಲ್ಲಿ ಇಳಿದು ದೋಣಿಯನ್ನು ಹೊತ್ತು ದಾಟಿಸಲೇಬೇಕು. ಅದರ ಕೆಳಗೆ ನದಿ ಸೋತಂತೆ ಹಾವಾಗಿ ಹೊರಳುತ್ತದೆ, ತಿರುವು ತಿರುವಿಗೂ ಮರಳ ದಿಣ್ಣೆ.

ಬಜಪೆ ಪಾದಯಾತ್ರಿ: ನಕ್ಷೆ ಓದಿ ಪಾಠ ಮಾಡುವುದು ಸುಲಭ. ನೀವು ಅಲ್ಲಿ ಕಾಲಿಟ್ಟಿದ್ದೀರಾ?

ಕುಂದಾಪುರದ ಮಾಸ್ತರು: ಮಾರ್ಚಿನಲ್ಲಿ ಮಗನೊಂದಿಗೆ ಹೋಗಿದ್ದೆ. ಬೂಟಿಗೆ ಹಗ್ಗ ಕಟ್ಟುವ ಪ್ರಸಂಗ ಬರಲಿಲ್ಲ. ನದಿಯ ಮೇಲೆ ಹಿಮ ಹೊದ್ದಿತ್ತು, ಧುಮುಕುವ ಕಡೆ ಮಾತ್ರ ಕಪ್ಪು ನೀರು ಕಾಣುತ್ತಿತ್ತು.

ಮಲ್ಪೆ ಗಾಳ: ಮೀನಿನ ಮಾತೇ ಇಲ್ಲವಲ್ಲ! ಪಾನಾಯಾರ್ವಿಯಿಂದ ಕಂದು ಟ್ರೌಟ್ ಮೊಟ್ಟೆ ಇಡಲು ಮೇಲೆ ಬರುತ್ತದೆ, ಕಿಟ್ಕಾದ ಯೂರಾವಾ ಜಲಪಾತದ 9 ಮೀಟರನ್ನು ಮಾತ್ರ ಹಾರಲಾರದು. ಗಾಳ ಹಾಕಬೇಕಾದರೆ 18ರಿಂದ 69 ವಯಸ್ಸಿನವರು ಸರ್ಕಾರದ ಮೀನುಗಾರಿಕೆ ಶುಲ್ಕ ಕಟ್ಟಬೇಕು, ನದಿಯ ಪರವಾನಗಿ ಬೇರೆ. ಎರಡನ್ನೂ ಕಟ್ಟಿ, ಗಾಳ ಬಾಡಿಗೆಗೆ ಹಿಡಿದು, ಕೈಗೆ ಬಂದದ್ದು ಅಂಗೈ ಉದ್ದದ ಒಂದು ಮರಿ, ಅದನ್ನೂ ನೀರಿಗೆ ಬಿಡಬೇಕಾಯಿತು. ಆ ದುಡ್ಡಿಗೆ ಇಲ್ಲಿ ಅಂಜಲ್ ಬುಟ್ಟಿಗಟ್ಟಲೆ ಬರುತ್ತಿತ್ತು.

ಕಲ್ಸಂಕದ ಭಟ್ಟರು: ಕಾಡಿಗೆ ಹೋದಲ್ಲಿಯೂ ಜೀವ ತೆಗೆಯುವ ಚಪಲವೇ? ನಾವು ಅವಲಕ್ಕಿ, ಉಪ್ಪಿನಕಾಯಿ ಒಯ್ದು ಸುಖವಾಗಿ ಬಂದೆವು.

ಮಲ್ಪೆ ಗಾಳ: ಭಟ್ಟರೇ, ನಿಮ್ಮ ಅವಲಕ್ಕಿಯ ತಂಟೆಗೆ ನಾನು ಬಂದೆನೇ?

ಬೈಂದೂರಿನ ನರ್ಸ್: ಅಣ್ಣ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳಿ. ಔಲಂಕಾ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರದಿಂದ ಕಿಯುಟಾಕೊಂಗಾಸ್‌ಗೆ ಒಂದು ಕಿಲೋಮೀಟರ್ ಆಸುಪಾಸು, ಅಷ್ಟು ನೋಡಿದರೂ ಸಾಕು. ರಾತ್ರಿಯೂ ಕತ್ತಲಾಗುವುದಿಲ್ಲ, ಕಣ್ಣಿಗೆ ಕಪ್ಪು ಬಟ್ಟೆ ಒಯ್ಯಿರಿ. ಇಲ್ಲಿಂದ ಒಯ್ದ ಸೊಳ್ಳೆ ಮುಲಾಮನ್ನು ನಂಬಬೇಡಿ, ಅಲ್ಲಿಯದನ್ನೇ ಕೊಳ್ಳಿ.

ಕಟಪಾಡಿಯವಳು: ಮಾಸ್ತರರು ಹೇಳಿದ ಆ ಮರಳ ದಿಣ್ಣೆ ನಮ್ಮ ಕಡೆ ಇದ್ದಿದ್ದರೆ ರಾತ್ರೋರಾತ್ರಿ ಲಾರಿ ಬಂದು ನಿಲ್ಲುತ್ತಿತ್ತು.

ಹೆಬ್ರಿ ಗುತ್ತಿಗೆದಾರ: ಅದೇನು ಮಾತು? ಮರಳಿಲ್ಲದೆ ಮನೆ ಕಟ್ಟುವುದು ಯಾವುದರಿಂದ? ಪರವಾನಗಿ ಸಿಗದೆ ನನ್ನ ಎರಡು ಕೆಲಸ ಪಾಯದಲ್ಲೇ ನಿಂತಿವೆ, ಮೇಸ್ತ್ರಿಗೆ ಕೂತ ಸಂಬಳ ಕೊಡುತ್ತಿದ್ದೇನೆ.

ಕಟಪಾಡಿಯವಳು: ನದಿಯ ಮರಳು ತೆಗೆದು ನನ್ನ ಬಾವಿಗೆ ಉಪ್ಪುನೀರು ಬಂದದ್ದಕ್ಕೆ ಸಂಬಳ ಯಾರು ಕೊಡುತ್ತಾರೆ?

ಕುಂದಾಪುರದ ಮಾಸ್ತರು: ಉಪ್ಪುನೀರಿಗೆ ಮರಳೊಂದೇ ಕಾರಣವಲ್ಲ, ಬೇಸಗೆಯಲ್ಲಿ ಸಿಹಿನೀರಿನ ಹರಿವು ತಗ್ಗಿದರೆ...

ಹೆಬ್ರಿ ಗುತ್ತಿಗೆದಾರ: ಮಾಸ್ತರೇ, ನೀವು ಮನೆ ಕಟ್ಟಿದ ವರ್ಷ ಲೋಡಿಗೆ ಎಷ್ಟು ಕೊಟ್ಟಿದ್ದಿರಿ? ಅದನ್ನು ಮೊದಲು ಹೇಳಿ.