ಪಿನ್ ಕಣಿವೆಯಲ್ಲಿ ಸೈಕಲ್: ನಂದಿ ಬೆಟ್ಟ ಹತ್ತುವವರಿಗೆ ಕಾಜಾ–ಮುದ್ ಆಗುತ್ತಾ?

ನಂದಿ ಕ್ರಾಸ್ (ಚಿಕ್ಕಬಳ್ಳಾಪುರ):
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು ಮತ್ತು ನನ್ನ ಅಕ್ಕನ ಮಗ ಹಿಮಾಚಲದ ಸ್ಪಿತಿಗೆ ಸೈಕಲ್ ತೆಗೆದುಕೊಂಡು ಹೋಗೋಣ ಅಂತಿದ್ದೇವೆ. ಮನಾಲಿ–ಲೇಹ್ ಥರದ ದೊಡ್ಡ ಸಾಹಸ ಬೇಡ. ಕಾಜಾದಿಂದ ಪಿನ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಕಡೆ ಮುದ್ ಅನ್ನುವ ಊರಿದೆ, ಸುಮಾರು 50 ಕಿ.ಮೀ. ಅಲ್ಲಿ ಉಳಿದು ವಾಪಸ್ ಬರುವುದು, ಅಷ್ಟೇ. ಇಬ್ಬರೂ ಭಾನುವಾರ ನಂದಿ ಹತ್ತುತ್ತೇವೆ, ಎಲ್ಲೂ ಕಾಲು ಕೆಳಗಿಡದೆ ಮೇಲೆ ಹೋಗುತ್ತೇವೆ. ಪ್ಲಾನ್ ಹೀಗಿದೆ: ಚಂಡೀಗಢಕ್ಕೆ ವಿಮಾನ, ರಾತ್ರಿ ಬಸ್ಸಿನಲ್ಲಿ ಮನಾಲಿ, ಮಾರನೇ ದಿನ ಜೀಪಿನಲ್ಲಿ ಕಾಜಾ, ಅದರ ಮರುದಿನ ಬೆಳಿಗ್ಗೆ ಸೈಕಲ್ ಹತ್ತುವುದು. ಸರಿ ಇದೆಯಾ? ಮುದ್ ದಾಟಿ ಉದ್ಯಾನದ ಒಳಗೂ ಸೈಕಲ್ ಓಡಿಸಬಹುದಾ? ನಮ್ಮ ಸೈಕಲ್ಲೇ ಒಯ್ಯಬೇಕಾ, ಬಾಡಿಗೆಗೆ ಸಿಗುತ್ತಾ?

ದುರ್ಗದ ತಿರುವು (ತುಮಕೂರು):
ಗುರು, ರೂಟ್ ಒಳ್ಳೆಯದೇ, ಆದರೆ ಪ್ಲಾನ್ ಪೂರ್ತಿ ಉಲ್ಟಾ ಮಾಡಿ. ಮನಾಲಿ ಇರುವುದು 2,050 ಮೀಟರ್‌ನಲ್ಲಿ, ಕಾಜಾ ಸುಮಾರು 3,650. ನಡುವೆ 4,500 ದಾಟಿದ ಕುಂಜುಮ್ ಪಾಸ್ ಬೇರೆ. ಒಂದೇ ದಿನದಲ್ಲಿ ಅಷ್ಟು ಮೇಲೆ ಹೋಗಿ ಮಲಗಿದರೆ ಮಾರನೇ ಬೆಳಿಗ್ಗೆ ತಲೆನೋವು, ವಾಂತಿ ಬಂದು ಸೈಕಲ್ ಇರಲಿ, ಚಹಾ ಕುಡಿಯುವುದಕ್ಕೂ ಮನಸ್ಸಾಗುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುವುದು ಎಲ್ಲರೂ ಪಾಲಿಸುವ ಲೆಕ್ಕ.

ಅದಕ್ಕೆ ಶಿಮ್ಲಾ ಕಡೆಯಿಂದ ಹೋಗಿ. ದಾರಿ ಉದ್ದ, ಬಸ್ಸಿನಲ್ಲಿ ಸೊಂಟ ಹಿಡಿಯುತ್ತದೆ, ಆದರೂ ಅದೇ ಸರಿ. ಮೊದಲು ನಾರ್ಕಂಡಾ, ಆಮೇಲೆ ಕಲ್ಪಾ (ಸುಮಾರು 2,960), ಆಮೇಲೆ ತಾಬೊ (3,280), ಆಮೇಲೆ ಕಾಜಾ. ನೋಡಿ, ಕಲ್ಪಾದಿಂದ ಮುಂದೆ ಪ್ರತಿ ರಾತ್ರಿ ಮುನ್ನೂರು ಚಿಲ್ಲರೆ ಮೀಟರ್ ಅಷ್ಟೇ ಏರು. ತಾಬೊದಲ್ಲಿ ಕ್ರಿ.ಶ. 996ರ ಬೌದ್ಧ ಮಠ ಇದೆ, ಒಳಗಿನ ಗೋಡೆಚಿತ್ರ ನೋಡದೆ ಬರಬೇಡಿ. ಕಾಜಾ ಮುಟ್ಟಿದ ಮೇಲೂ ಒಂದು ದಿನ ಸುಮ್ನೆ ಓಡಾಡಿಕೊಂಡಿರಿ.

ನಂದಿ ತುದಿ 1,478 ಮೀಟರ್, ಮುದ್ ಸುಮಾರು 3,800. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರನೇ ಎರಡು ಪಾಲಿಗಿಂತ ಸ್ವಲ್ಪ ಕಡಿಮೆಯೇ. ಕಾಲಲ್ಲಿ ಶಕ್ತಿ ಇದ್ದವನೇ ಅಲ್ಲಿ ಜಾಸ್ತಿ ಒದ್ದಾಡುವುದು, ಯಾಕೆಂದರೆ ಅವನು ಇಲ್ಲಿನ ವೇಗದಲ್ಲೇ ತುಳಿಯುತ್ತಾನೆ. ವೇಗ ಲೆಕ್ಕ ಹಾಕುವ ಸ್ಟ್ರಾವಾ ಆ್ಯಪನ್ನು ಮನೆಯಲ್ಲೇ ಬಿಟ್ಟು ಹೋಗಿ ಅನ್ನುತ್ತೇನೆ ನಾನು.

ಉದ್ಯಾನದ ವಿಷಯ: 1987ರಲ್ಲಿ ಆದದ್ದು, ಹಿಮ ಚಿರತೆ ಮತ್ತು ಐಬೆಕ್ಸ್ ಕಾಡುಮೇಕೆಗೆ ಹೆಸರುವಾಸಿ. ಮುದ್ ಕಣಿವೆಯ ಕೊನೆಯ ಊರು. ಅಲ್ಲಿಂದ ಆಚೆ ಭಾಬಾ ಪಾಸ್ ಕಡೆಗೆ ಹೋಗುವುದು ಟ್ರೆಕ್ಕಿಂಗ್ ದಾರಿ. ಸೈಕಲ್ ಹೆಗಲ ಮೇಲೆ ಹೊರಬೇಕಾಗುತ್ತದೆ, ಅರಣ್ಯ ಇಲಾಖೆಯನ್ನು ಕೇಳದೆ ಹೋಗಲೂಬಾರದು. ನೀವು ಹೇಳಿದ 'ಅಷ್ಟೇ' ಅಲ್ಲಿಗೆ ಮುಗಿಯುತ್ತದೆ.

ಅಂತರಗಂಗೆ ಸವಾರ (ಕೋಲಾರ):
ತುಮಕೂರಿನ ಅಣ್ಣ ಹೇಳಿದ್ದು ಸರಿ. ಒಂದೇ ತಕರಾರು, ಎತ್ತರದ ಬಗ್ಗೆ ಇಷ್ಟು ಹೇಳಿ ಹೊತ್ತಿನ ಬಗ್ಗೆ ಬಿಟ್ಟರು. ಈ ರಸ್ತೆಯಲ್ಲಿ ಎಷ್ಟು ಗಂಟೆಗೆ ಹೊರಡುತ್ತೀರಿ ಅನ್ನುವುದೇ ಮುಖ್ಯ.

ಕಾಜಾದಿಂದ ಮೊದಲು ಸ್ಪಿತಿ ನದಿಯ ಜೊತೆ ಕೆಳಕ್ಕೆ ಹೋಗುತ್ತೀರಿ. ಅಟ್ಟರ್ಗೊ ಹತ್ತಿರ ಸೇತುವೆ ದಾಟಿ ಪಿನ್ ಕಣಿವೆಗೆ ತಿರುಗಿದ ಮೇಲೆ ನದಿಯ ಎದುರು ದಿಕ್ಕಿಗೆ ನಿಧಾನವಾದ ಏರು. ನಂದಿಯ ಹಾಗೆ ಒಂದೇ ಸಮನೆ ಹತ್ತಿಸುವುದಿಲ್ಲ, ಹತ್ತಿಸಿ ಇಳಿಸಿ ಸತಾಯಿಸುತ್ತದೆ. ಅಲ್ಲಲ್ಲಿ ರಸ್ತೆಯ ಮೇಲೇ ಹಳ್ಳ ಹರಿಯುತ್ತದೆ, ಅವರು ನಾಲಾ ಅನ್ನುತ್ತಾರೆ. ಅದು ಮೇಲಿನ ಹಿಮ ಕರಗಿದ ನೀರು. ಬೆಳಿಗ್ಗೆ ಪಾದ ಮುಳುಗುವಷ್ಟು ಇದ್ದದ್ದು ಬಿಸಿಲೇರಿದ ಮೇಲೆ ಮಧ್ಯಾಹ್ನ ಮೊಣಕಾಲಿಗೆ ಬರಬಹುದು, ಕೆಳಗಿನ ಕಲ್ಲು ಕಾಣುವುದೇ ಇಲ್ಲ.

ಇನ್ನು ಗಾಳಿ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಕೆಳಗಿಂದ ಮೇಲಕ್ಕೆ ಬೀಸುತ್ತದೆ. ಹೋಗುವಾಗ ಬೆನ್ನಿಗೆ ತಳ್ಳುತ್ತದೆ, ಸಂತೋಷ. ವಾಪಸ್ ಬರುವಾಗ ಹೇಗೂ ಇಳಿಜಾರು ತಾನೇ ಅಂತ ತಿಂಡಿ ತಿಂದು, ಫೋಟೊ ತೆಗೆದು, ಹನ್ನೊಂದಕ್ಕೆ ಹೊರಟರೆ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ, ಮುಖಕ್ಕೆ ಮರಳು ಬೇರೆ. ಆರೂವರೆಗೆ ಹೊರಡಿ. ಕೈಬೆರಳು ಮರಗಟ್ಟುತ್ತವೆ, ಪೂರ್ತಿ ಬೆರಳಿನ ಗ್ಲೌಸ್ ಹಾಕಿ.

50 ಕಿ.ಮೀ. ಒಂದೇ ದಿನ ಯಾಕೆ? ಗುಲಿಂಗ್ ಅಥವಾ ಸಗ್ನಮ್‌ನಲ್ಲಿ ರಾತ್ರಿ ಉಳಿದು, ಹತ್ತಿರದ ಕುಂಗ್ರಿ ಮಠ ನೋಡಿಕೊಂಡು ಮಾರನೇ ದಿನ ಮುದ್‌ಗೆ ಹೋಗಿ. ಆಗ ಮಾತ್ರ ಇದು ಮಧ್ಯಮ ಸವಾರಿ.

ಅಭ್ಯಾಸಕ್ಕೆ ನಂದಿ ಡಾಂಬರು ಸಾಕಾಗುವುದಿಲ್ಲ ಕಣ್ರೀ. ನಿಮ್ಮ ಕಡೆ ಟಿಪ್ಪರ್ ಓಡಾಡಿ ಕಿತ್ತುಹೋದ ಕ್ರಷರ್ ರಸ್ತೆಗಳಿಗೆ ಬರವಾ? ಟಿಪ್ಪರ್ ಇಲ್ಲದ ಹೊತ್ತು ನೋಡಿಕೊಂಡು ಅಲ್ಲಿ ಎರಡು ಮೂರು ಗಂಟೆ ಓಡಿಸಿ. ಅಂಗೈ, ಭುಜ ಏನಾಗುತ್ತದೆ ಗೊತ್ತಾಗುತ್ತದೆ.

ಪಂಕ್ಚರ್ ಪುರಾಣ (ಶಿಡ್ಲಘಟ್ಟ):
ಸೈಕಲ್ ಮನಾಲಿಯಲ್ಲಿ ಬಾಡಿಗೆಗೆ ಸಿಗುತ್ತದೆ, ಆದರೆ ನೀವು ಶಿಮ್ಲಾ ಕಡೆಯಿಂದ ಹೋಗುವುದಾದರೆ ನಿಮ್ಮದೇ ಒಯ್ಯಿರಿ. ಪಳಗಿದ ಸೀಟು, ಪಳಗಿದ ಬ್ರೇಕು. ಮುಂದೆ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಸಾಕು, ಎರಡು ಇಂಚಿಗಿಂತ ದಪ್ಪ ಟೈರ್ ಇರಲಿ. ಗಾಳಿಯನ್ನು ಕಾಜಾದಲ್ಲಿ ಮತ್ತೆ ಸರಿ ಮಾಡಿ. ಮೇಲೆ ಹೊರಗಿನ ಒತ್ತಡ ಕಡಿಮೆ, ಇಲ್ಲಿ ತುಂಬಿದ್ದೇ ಅಲ್ಲಿ ಗಟ್ಟಿಯಾಗಿರುತ್ತದೆ.

ಬ್ರೇಕ್ ಪ್ಯಾಡ್, ಚೈನ್ ಲಿಂಕ್, ಟ್ಯೂಬ್ ಎಲ್ಲರೂ ಇಟ್ಟುಕೊಳ್ಳುತ್ತಾರೆ. ಮರೆಯುವುದು ಡಿರೇಲರ್ ಹ್ಯಾಂಗರ್. ಹಿಂದಿನ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹೆಬ್ಬೆರಳಷ್ಟು ಅಲ್ಯೂಮಿನಿಯಂ ತುಂಡು ಅದು. ಬಸ್ಸಿನ ಟಾಪ್ ಮೇಲೆ ಸೈಕಲ್ ಒಂದು ಸಲ ಬಲಮಗ್ಗುಲಿಗೆ ಬಿದ್ದರೆ ಸಾಕು, ಬಗ್ಗುತ್ತದೆ, ಆಮೇಲೆ ಚೈನ್ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಕಾಜಾದಲ್ಲಿ ಸಿಗುತ್ತದೆ ಅನ್ನುವ ಆಸೆ ಬೇಡ. ಬಸ್ಸಿಗೆ ಹಾಕುವ ಮುಂಚೆ ಡಿರೇಲರ್ ಬಿಚ್ಚಿ ಬಟ್ಟೆ ಸುತ್ತಿ ಒಳಗೆ ಕಟ್ಟಿಬಿಡಿ.

ತಿನ್ನುವುದಕ್ಕೆ ಹುರಿಹಿಟ್ಟು, ಬೆಲ್ಲ ಒಯ್ಯಿರಿ. ಮುಗಿದರೆ ಯೋಚನೆ ಇಲ್ಲ, ಅಲ್ಲಿನವರ ಸಂಪಾ ಅಂದರೆ ಬಾರ್ಲಿಯ ಹುರಿಹಿಟ್ಟೇ. ನಗದು ಇಟ್ಟುಕೊಳ್ಳಿ, ನೆಟ್‌ವರ್ಕ್ ಇಲ್ಲದ ಊರಲ್ಲಿ ಫೋನ್‌ಪೇ ನಡೆಯುವುದಿಲ್ಲ.

ನಂದಿ ಕ್ರಾಸ್:
ಎಲ್ಲರಿಗೂ ಥ್ಯಾಂಕ್ಸ್. ಮನಾಲಿ ಕೈಬಿಟ್ಟೆವು, ಯಶವಂತಪುರದಿಂದ ಚಂಡೀಗಢಕ್ಕೆ ರೈಲು, ಸೈಕಲ್ ಪಾರ್ಸೆಲ್‌ಗೆ. ಆಮೇಲೆ ಶಿಮ್ಲಾ, ಕಲ್ಪಾ, ತಾಬೊ. ರಜೆ ಇನ್ನೂ ನಾಲ್ಕು ದಿನ ಕೇಳಬೇಕು, ಬೈಸಿಕೊಳ್ಳುತ್ತೇನೆ. ಎತ್ತರದ ಕಾಯಿಲೆ ಬರದಿರಲಿ ಅಂತ ಕೊಡುವ ಡೈಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳಬೇಕಾ?

ದುರ್ಗದ ತಿರುವು:
ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಔಷಧಿ ಆಗದಿದ್ದರೆ ಮೊದಲೇ ಹೇಳಿ. ಮಾತ್ರೆ ಇದೆ ಅಂತ ಬೇಗ ಹತ್ತುವುದು ಬೇಡ. ತಲೆನೋವು ಜಾಸ್ತಿ ಆಗುತ್ತಿದ್ದರೆ, ನಡೆಯುವಾಗ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಗಾಡಿ ಮಾಡಿಕೊಂಡು ಕೆಳಗಿಳಿಯಿರಿ. ಹುಡುಗ ನಾಚಿಕೊಂಡು ಹೇಳದೆ ಇರಬಹುದು, ನೀವೇ ಕೇಳುತ್ತಿರಿ.

ಪಂಕ್ಚರ್ ಪುರಾಣ:
ಇಬ್ಬರ ಸೈಕಲ್ ಒಂದೇ ಮಾಡೆಲ್ಲಾ? ಹಾಗಿದ್ದರೆ ಹ್ಯಾಂಗರ್ ಒಂದು ಸಾಕು. ಇಲ್ಲದಿದ್ದರೆ ಎರಡು, ಈಗಲೇ ಆರ್ಡರ್ ಮಾಡಿ. ಬಂದ ಮೇಲೆ ಫ್ರೇಮಿಗೆ ಹಾಕಿ ನೋಡಿಯೇ ಬ್ಯಾಗಿಗೆ ಹಾಕಿ.